ಪೆನ್‌ಡ್ರೈವ್ ಬದಿಗಿಟ್ಟು ಇಡೀ ಲ್ಯಾಬ್‌ಗೆ ಡೆಬಿಯನ್ ಹಾಕುವುದು: ಪಿಎಕ್ಸ್‌ಇ ಸರ್ವರ್ ಕಟ್ಟುವ ಕ್ರಮ

ಮೂವತ್ತು ಕಂಪ್ಯೂಟರ್ ಇರುವ ಕಾಲೇಜು ಲ್ಯಾಬ್‌ಗೆ ಒಂದೊಂದೇ ಪೆನ್‌ಡ್ರೈವ್ ಚುಚ್ಚಿ ಆಪರೇಟಿಂಗ್ ಸಿಸ್ಟಂ ಹಾಕಬಹುದು. ಆದರೆ ಸಮಯ ಹೋಗುವುದಲ್ಲದೆ, ಕೊನೆಗೆ ಮೂವತ್ತೂ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಕನ್ನಡ ಫಾಂಟ್ ಮರೆತಿರುತ್ತದೆ, ಇನ್ನೊಂದರಲ್ಲಿ ಪಾಸ್‌ವರ್ಡ್ ಬೇರೆಯಾಗಿರುತ್ತದೆ, ಮತ್ತೊಂದರ ಡಿಸ್ಕ್ ಬೇರೆ ಅಳತೆಯಲ್ಲಿ ಭಾಗವಾಗಿರುತ್ತದೆ. ನೆಟ್‌ವರ್ಕ್ ಮೂಲಕ ಹಾಕಿದರೆ ಎಲ್ಲ ಉತ್ತರಗಳೂ ಒಂದೇ ಫೈಲ್‌ನಲ್ಲಿರುತ್ತವೆ, ತಪ್ಪಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು.

ಇಲ್ಲಿ ಹೇಳುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನ 13ನೇ ಆವೃತ್ತಿ, ಅಂದರೆ ಟ್ರಿಕ್ಸಿ, ಹಾಕುವ ಕ್ರಮ. ಡೆಬಿಯನ್ 12ಕ್ಕೂ ಇದೇ ದಾರಿ. ಲ್ಯಾಬಿನಲ್ಲಿ 32 ಬಿಟ್‌ನ ಹಳೇ ಯಂತ್ರಗಳಿದ್ದರೆ 12ರಲ್ಲೇ ನಿಲ್ಲಬೇಕು, 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ. ಕಮಾಂಡ್, ಫೈಲ್, ಆಯ್ಕೆಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ. ಲಿನಕ್ಸ್ ಫೈಲ್ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ.

ಒಳಗೆ ಏನು ನಡೆಯುತ್ತದೆ

ಪಿಎಕ್ಸ್‌ಇ ಎಂಬುದು ಯಂತ್ರವನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಲು ಇಂಟೆಲ್ ಕಂಪನಿ ರೂಪಿಸಿದ ಕ್ರಮ. ಇವತ್ತಿಗೂ ಎಲ್ಲರೂ ಅನುಸರಿಸುವುದು 1999ರಲ್ಲಿ ಬಂದ 2.1 ಆವೃತ್ತಿಯನ್ನೇ. ಯಂತ್ರ ಆನ್ ಆದೊಡನೆ ನೆಟ್‌ವರ್ಕ್ ಕಾರ್ಡ್‌ನಲ್ಲಿರುವ ಪುಟ್ಟ ಪ್ರೋಗ್ರಾಂ ನಾಲ್ಕು ಕೆಲಸಗಳಿಗೆ ಚಾಲನೆ ಕೊಡುತ್ತದೆ. ಮೊದಲು ಡಿಎಚ್‌ಸಿಪಿ ಮೂಲಕ ತನಗೊಂದು ಐಪಿ ವಿಳಾಸ ಕೇಳುತ್ತದೆ. ವಿಳಾಸದ ಜೊತೆಗೇ ಯಾವ ಸರ್ವರ್‌ನಿಂದ ಯಾವ ಫೈಲ್ ತರಬೇಕು ಎಂಬುದೂ ಸಿಗುತ್ತದೆ. ಆಮೇಲೆ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ಕ್ರಮದ ಮೂಲಕ ಆ ಫೈಲನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಬೂಟ್‌ಲೋಡರನ್ನು, ಇಳಿಸಿಕೊಳ್ಳುತ್ತದೆ. ಬೂಟ್‌ಲೋಡರ್ ಎದ್ದು ತನ್ನ ಮೆನು, ಕರ್ನಲ್ (ಲಿನಕ್ಸ್‌ನ ತಿರುಳು), ಇನಿಟ್‌ಆರ್‌ಡಿ (ಇನ್‌ಸ್ಟಾಲರ್ ಇರುವ ಆರಂಭಿಕ ಫೈಲ್‌ಗಳ ಕಟ್ಟು) ಇವನ್ನು ಅದೇ ಟಿಎಫ್‌ಟಿಪಿಯಿಂದ ತರುತ್ತದೆ. ಕೊನೆಗೆ ಇನ್‌ಸ್ಟಾಲರ್ ಎದ್ದು, ಎಚ್‌ಟಿಟಿಪಿ ಮೂಲಕ ಉತ್ತರಗಳ ಫೈಲನ್ನೂ ಪ್ಯಾಕೇಜ್‌ಗಳನ್ನೂ ತರಿಸಿಕೊಳ್ಳುತ್ತದೆ.

ಈ ನಾಲ್ಕನ್ನೂ ಒಟ್ಟಿಗೆ ಕಟ್ಟಿ ಒಟ್ಟಿಗೆ ಪರೀಕ್ಷಿಸುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ಯಾವ ಹಂತದಲ್ಲಿ ನಿಂತಿತು ಎಂದು ತಿಳಿಯದೆ ಎಲ್ಲವನ್ನೂ ಬದಲಿಸುತ್ತ ಹೋದರೆ, ಸರಿಯಿದ್ದದ್ದೂ ಕೆಡುತ್ತದೆ. ಒಂದು ಹಂತ ಕಟ್ಟಿ, ಅದು ಸರಿಯಿದೆ ಎಂದು ಲಾಗ್‌ನಲ್ಲಿ ಕಣ್ಣಾರೆ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಬೇಕಾದ ಸಾಮಾನು

ಸರ್ವರ್ ಎಂದರೆ ದೊಡ್ಡ ಯಂತ್ರ ಬೇಕಿಲ್ಲ. 4 ಜಿಬಿ ರ್‍ಯಾಮ್, 20 ಜಿಬಿ ಖಾಲಿ ಜಾಗ ಇರುವ ಯಾವುದೇ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಡೆಬಿಯನ್ ಅಥವಾ ಉಬುಂಟು ಇರಲಿ. ಅದಕ್ಕೆ ಎರಡು ನೆಟ್‌ವರ್ಕ್ ದಾರಿ ಬೇಕು: ಇಂಟರ್ನೆಟ್‌ಗೆ ವೈಫೈ, ಲ್ಯಾಬ್ ಕಡೆಗೆ ತಂತಿ. ಲ್ಯಾಪ್‌ಟಾಪ್ ಮುಚ್ಚಳ ಹಾಕಿದರೆ ನಿದ್ದೆಗೆ ಹೋಗದಂತೆ ಮೊದಲೇ ಸೆಟ್ ಮಾಡಿ. ಅರ್ಧ ಇನ್‌ಸ್ಟಾಲ್ ಆದಾಗ ಯಾರೋ ಮುಚ್ಚಳ ಮುಚ್ಚಿದರೆ ಮೂವತ್ತೂ ಒಟ್ಟಿಗೆ ನಿಲ್ಲುತ್ತವೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಸ್ವಿಚ್‌ಗೆ ಇರುವುದಿಲ್ಲ. ಸ್ವಿಚ್ಚೂ ಯುಪಿಎಸ್ ಮೇಲಿರಲಿ.

ಸ್ವಿಚ್ ಮತ್ತು ಕೇಬಲ್ ಬಗ್ಗೆ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ಡೆಸ್ಕ್‌ಟಾಪ್ ಸಮೇತ ಒಂದು ಯಂತ್ರಕ್ಕೆ ಒಂದೂವರೆ ಜಿಬಿ ಪ್ಯಾಕೇಜ್ ಎಂದು ಹಿಡಿದರೆ ಮೂವತ್ತಕ್ಕೆ 45 ಜಿಬಿ. 40 ಎಂಬಿಪಿಎಸ್ ಇಂಟರ್ನೆಟ್‌ನಲ್ಲಿ ಅಷ್ಟನ್ನೂ ಇಳಿಸಲು ಎರಡೂವರೆ ಗಂಟೆ. ಒಮ್ಮೆ ಇಳಿಸಿ ಸರ್ವರ್‌ನಲ್ಲೇ ಇಟ್ಟುಕೊಂಡರೆ ಇಂಟರ್ನೆಟ್ ಕೆಲಸ ಐದು ನಿಮಿಷಕ್ಕೆ ಮುಗಿಯುತ್ತದೆ, ಉಳಿದದ್ದು ಲ್ಯಾಬಿನೊಳಗಿನ ಓಡಾಟ. ಆ ಓಡಾಟಕ್ಕೆ 100 ಎಂಬಿಪಿಎಸ್ ಸ್ವಿಚ್ ಇದ್ದರೆ ಒಂದು ಗಂಟೆಗೂ ಮೇಲೆ, ಗಿಗಾಬಿಟ್ ಇದ್ದರೆ ಏಳೆಂಟು ನಿಮಿಷ. ಹಾಗಾಗಿ ಕನಿಷ್ಠ ಸರ್ವರ್ ಚುಚ್ಚುವ ಪೋರ್ಟ್ ಗಿಗಾಬಿಟ್ ಆಗಿರಲೇಬೇಕು. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು. ಹಳೇ ಲ್ಯಾಬ್‌ಗಳಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿರುವುದು ಸಾಮಾನ್ಯ, ಆಗ ವೇಗ ತಾನಾಗಿ 100ಕ್ಕೆ ಇಳಿಯುತ್ತದೆ. ಸರ್ವರ್‌ನಲ್ಲಿ ಈಥ್‌ಟೂಲ್ ಕಮಾಂಡ್ ಕೊಟ್ಟು ಸ್ಪೀಡ್ ಸಾಲು 1000 ತೋರಿಸುತ್ತದೆಯೇ ನೋಡಿ.

ಪ್ರತ್ಯೇಕ ಜಾಲ, ಇದರಲ್ಲಿ ರಾಜಿ ಬೇಡ

ನೀವು ಕಟ್ಟುತ್ತಿರುವುದು ಕೇಳಿದವರಿಗೆಲ್ಲ ಐಪಿ ಕೊಟ್ಟು, ಕೊನೆಗೆ ಡಿಸ್ಕ್ ಅಳಿಸಿ ಬರೆಯುವ ಸರ್ವರ್. ಇದನ್ನು ಕಾಲೇಜಿನ ಮುಖ್ಯ ನೆಟ್‌ವರ್ಕ್‌ಗೆ ಚುಚ್ಚಿದರೆ ಎರಡು ಅನಾಹುತ ಆಗಬಹುದು. ಆಫೀಸಿನ ಕಂಪ್ಯೂಟರ್‌ಗಳು ನಿಮ್ಮ ಸರ್ವರ್‌ನಿಂದ ಐಪಿ ತೆಗೆದುಕೊಂಡು ಇಂಟರ್ನೆಟ್ ಕಳೆದುಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದು, ನೆಟ್‌ವರ್ಕ್‌ನಿಂದಲೇ ಮೊದಲು ಬೂಟ್ ಆಗುವಂತೆ ಸೆಟ್ ಆಗಿರುವ ಯಾವುದೋ ಅಕೌಂಟ್ಸ್ ಯಂತ್ರ ರಾತ್ರಿ ರೀಸ್ಟಾರ್ಟ್ ಆಗಿ, ತನ್ನ ಡೇಟಾ ಎಲ್ಲ ಕಳೆದುಕೊಂಡು ಬೆಳಿಗ್ಗೆ ಹೊಸ ಡೆಬಿಯನ್ ತೋರಿಸಬಹುದು. ಹಾಗಾಗಿ ಲ್ಯಾಬ್ ಸ್ವಿಚ್‌ನಿಂದ ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಕೇಬಲ್ ಕಿತ್ತಿಡಿ. ಕಿತ್ತ ತುದಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ವಾಪಸ್ ಚುಚ್ಚಿಬಿಡುತ್ತಾರೆ.

ಸರ್ವರ್‌ನ ತಂತಿ ಕಡೆಗೆ ಸ್ಥಿರ ವಿಳಾಸ ಕೊಡಿ: 192.168.50.1, ಮಾಸ್ಕ್ 24. ವೈಫೈ ಕಡೆ ರೌಟರ್ ಇದೇ 192.168.50 ಸರಣಿ ಕೊಡುತ್ತಿದ್ದರೆ ಬೇರೆ ಸಂಖ್ಯೆ ಆರಿಸಿಕೊಳ್ಳಿ, ಎರಡೂ ಕಡೆ ಒಂದೇ ಸರಣಿ ಇದ್ದರೆ ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂದು ಸರ್ವರ್‌ಗೇ ತಿಳಿಯುವುದಿಲ್ಲ.

ಮೊದಲ ಹಂತ: ಡಿಎನ್‌ಎಸ್‌ಮಾಸ್ಕ್

ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡನ್ನೂ ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ಪ್ಯಾಕೇಜ್ ನೋಡಿಕೊಳ್ಳುತ್ತದೆ. ಬೇರೆ ಬೇರೆ ಎರಡು ಸರ್ವರ್ ಹಾಕುವವರಿದ್ದಾರೆ, ಆದರೆ ಒಂದು ಲ್ಯಾಬ್‌ಗೆ ಅದರ ಅಗತ್ಯವಿಲ್ಲ. ಎಲ್ಲ ಲಾಗ್ ಒಂದೇ ಕಡೆ ಸಿಗುವುದೇ ಡಿಎನ್‌ಎಸ್‌ಮಾಸ್ಕ್‌ನ ದೊಡ್ಡ ಅನುಕೂಲ. ಪ್ಯಾಕೇಜ್ ಹಾಕಿದ ಮೇಲೆ ಇಟಿಸಿ ಕೆಳಗಿನ ಡಿಎನ್‌ಎಸ್‌ಮಾಸ್ಕ್ ಡಾಟ್ ಡಿ ಫೋಲ್ಡರ್‌ನಲ್ಲಿ ಹೊಸ ಕಾನ್ಫ್ ಫೈಲ್ ಮಾಡಿ, ಅದರಲ್ಲಿ ಈ ಸಾಲುಗಳನ್ನು ಬರೆಯಿರಿ.

ಇಂಟರ್‌ಫೇಸ್ ಸಾಲಿನಲ್ಲಿ ತಂತಿ ಕಾರ್ಡ್‌ನ ಹೆಸರು. ಐಪಿ ಅಡ್ರೆಸ್ ಕಮಾಂಡ್ ಕೊಟ್ಟರೆ ಅದು ಕಾಣುತ್ತದೆ. ಅದರ ಕೆಳಗೆ ಬೈಂಡ್-ಡೈನಾಮಿಕ್ ಎಂಬ ಒಂಟಿ ಪದ. ಬೈಂಡ್-ಇಂಟರ್‌ಫೇಸಸ್ ಎಂದು ಬರೆದರೂ ನಡೆಯುತ್ತದೆ, ಆದರೆ ಸರ್ವರ್ ಏಳುವಾಗ ಕೇಬಲ್ ಚುಚ್ಚಿಲ್ಲದಿದ್ದರೆ ವಿಳಾಸ ಸಿಗಲಿಲ್ಲ ಎಂದು ಡಿಎನ್‌ಎಸ್‌ಮಾಸ್ಕ್ ನಿಂತೇ ಹೋಗುತ್ತದೆ.

ಡಿಎಚ್‌ಸಿಪಿ-ರೇಂಜ್ ಸಾಲಿನಲ್ಲಿ 192.168.50.100, ಅಲ್ಪವಿರಾಮ, 192.168.50.180, ಅಲ್ಪವಿರಾಮ, 12 ಗಂಟೆಯ ಅವಧಿ. ಲಾಗ್-ಡಿಎಚ್‌ಸಿಪಿ ಎಂಬ ಪದ ಮತ್ತೊಂದು ಸಾಲಿನಲ್ಲಿ. ಇದನ್ನು ಮರೆಯಬೇಡಿ, ಮುಂದೆ ಏನು ಕೆಟ್ಟರೂ ಇದೇ ದಾರಿ ತೋರಿಸುವುದು.

ಈಗ ಬೂಟ್ ಫೈಲ್. ಯಂತ್ರವನ್ನು ಎಬ್ಬಿಸುವ ಒಳ ಪ್ರೋಗ್ರಾಂ ಎರಡು ಬಗೆ: ಹಳೇ ಬಯಾಸ್, ಹೊಸ ಯುಇಎಫ್‌ಐ. ಈ ಎರಡು ಬಗೆಯ ಯಂತ್ರಗಳಿಗೂ ಬೇರೆ ಬೇರೆ ಫೈಲ್ ಬೇಕು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಯಂತ್ರ ತಾನು ಯಾವ ಜಾತಿ ಎಂಬುದನ್ನು ಡಿಎಚ್‌ಸಿಪಿ ಆಯ್ಕೆ 93ರಲ್ಲಿ ಹೇಳುತ್ತದೆ: 0 ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ, ಕೆಲವು ಯಂತ್ರಗಳು ಅದಕ್ಕೇ 9 ಎನ್ನುತ್ತವೆ. ಹಾಗಾಗಿ ಡಿಎಚ್‌ಸಿಪಿ-ಮ್ಯಾಚ್ ಎಂಬ ಎರಡು ಸಾಲು ಬರೆದು ಕ್ಲೈಂಟ್-ಆರ್ಕ್ 7 ಮತ್ತು 9 ಎರಡಕ್ಕೂ ಇಎಫ್‌ಐ64 ಎಂಬ ಒಂದೇ ಟ್ಯಾಗ್ ಕೊಡಿ. ಆಮೇಲೆ ಡಿಎಚ್‌ಸಿಪಿ-ಬೂಟ್ ಎಂಬ ಎರಡು ಸಾಲು. ಟ್ಯಾಗ್ ಇದ್ದವರಿಗೆ ಡೆಬಿಯನ್-ಇನ್‌ಸ್ಟಾಲರ್ ಫೋಲ್ಡರ್, ಅದರೊಳಗೆ ಎಎಮ್‌ಡಿ64, ಅದರೊಳಗೆ ಬೂಟ್‌ನೆಟ್‌ಎಕ್ಸ್64 ಡಾಟ್ ಇಎಫ್‌ಐ. ಟ್ಯಾಗ್ ಇಲ್ಲದವರಿಗೆ, ಅಂದರೆ ಟ್ಯಾಗ್ ಹೆಸರಿಗೆ ಮೊದಲು ಆಶ್ಚರ್ಯಚಿಹ್ನೆ ಹಾಕಿ, ಪಿಎಕ್ಸ್‌ಇಲಿನಕ್ಸ್ ಡಾಟ್ 0. ಆ ಕೊನೆಯದು ಸೊನ್ನೆ, ಇಂಗ್ಲಿಷಿನ ಓ ಅಲ್ಲ.

ಕೊನೆಗೆ ಎನೇಬಲ್-ಟಿಎಫ್‌ಟಿಪಿ, ಮತ್ತು ಟಿಎಫ್‌ಟಿಪಿ-ರೂಟ್ ಎಂದು ಎಸ್‌ಆರ್‌ವಿ ಕೆಳಗಿನ ಟಿಎಫ್‌ಟಿಪಿ ಫೋಲ್ಡರ್ ದಾರಿ. ಆ ಫೋಲ್ಡರ್ ಇನ್ನೂ ಇಲ್ಲದಿದ್ದರೆ ಈಗಲೇ ಮಾಡಿ, ಇಲ್ಲವಾದರೆ ಡಿಎನ್‌ಎಸ್‌ಮಾಸ್ಕ್ ಏಳುವುದೇ ಇಲ್ಲ. ಡಿಎನ್‌ಎಸ್‌ಮಾಸ್ಕ್‌ಗೆ ಎರಡು ಗೆರೆ ಹಾಕಿ ಟೆಸ್ಟ್ ಎಂದು ಕೊಟ್ಟರೆ ಫೈಲ್‌ನ ಬರವಣಿಗೆ ಸರಿಯೇ ಎಂದು ಹೇಳುತ್ತದೆ. ಸರಿ ಎಂದರೆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಜರ್ನಲ್‌ಸಿಟಿಎಲ್‌ಗೆ ಯುನಿಟ್ ಹೆಸರೂ ಎಫ್ ಆಯ್ಕೆಯೂ ಕೊಟ್ಟು ಲಾಗ್ ಹರಿಯಲು ಬಿಡಿ.

ಒಂದು ಲ್ಯಾಬ್ ಯಂತ್ರ ಆನ್ ಮಾಡಿ, ನೆಟ್‌ವರ್ಕ್ ಬೂಟ್ ಆರಿಸಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಬೂಟ್ ಮೆನು ತರುತ್ತದೆ. ಮೆನುವಿನಲ್ಲಿ ನೆಟ್‌ವರ್ಕ್ ಕಾಣದಿದ್ದರೆ ಬಯಾಸ್ ಸೆಟಪ್‌ಗೆ ಹೋಗಿ ನೆಟ್‌ವರ್ಕ್ ಸ್ಟ್ಯಾಕ್ ಆನ್ ಮಾಡಬೇಕು, ಬಹಳ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಲಾಗ್‌ನಲ್ಲಿ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ಈ ನಾಲ್ಕೂ ಕ್ರಮವಾಗಿ ಕಾಣಬೇಕು, ಆಮೇಲೆ ಬೂಟ್ ಫೈಲ್ ಸಿಗಲಿಲ್ಲ ಎಂಬ ದೂರು ಬರಬೇಕು. ಫೈಲ್ ಇನ್ನೂ ಇಟ್ಟಿಲ್ಲವಲ್ಲ, ಆದ್ದರಿಂದ ಈ ಹಂತದಲ್ಲಿ ಆ ದೂರು ಬಂತೆಂದರೆ ಡಿಎಚ್‌ಸಿಪಿ ಕೆಲಸ ಮುಗಿದಂತೆ.

ಎರಡನೆಯದು: ಫೈಲ್‌ಗಳು

ಡೆಬಿಯನ್ ಮಿರರ್‌ನಲ್ಲಿ, ಅಂದರೆ ಅದರ ಫೈಲ್‌ಗಳ ನಕಲು ಇಟ್ಟಿರುವ ಇಂಟರ್ನೆಟ್ ಸರ್ವರ್‌ನಲ್ಲಿ, ಡಿಸ್ಟ್ಸ್, ಟ್ರಿಕ್ಸಿ, ಮೇನ್, ಇನ್‌ಸ್ಟಾಲರ್-ಎಎಮ್‌ಡಿ64, ಕರೆಂಟ್, ಇಮೇಜಸ್, ನೆಟ್‌ಬೂಟ್ ಎಂದು ಒಳಗೊಳಗೇ ಹೋದರೆ ನೆಟ್‌ಬೂಟ್ ಡಾಟ್ ಟಾರ್ ಡಾಟ್ ಜಿಝಡ್ ಸಿಗುತ್ತದೆ. ಇಮೇಜಸ್ ಫೋಲ್ಡರ್‌ನಲ್ಲೇ ಇರುವ ಎಸ್‌ಎಚ್‌ಎ256 ಪಟ್ಟಿಯ ಜೊತೆ ತಾಳೆ ನೋಡಿ, ನೇರವಾಗಿ ಟಿಎಫ್‌ಟಿಪಿ ರೂಟ್‌ನಲ್ಲೇ ಬಿಚ್ಚಿ.

ನೇರವಾಗಿ ಎಂದದ್ದಕ್ಕೆ ಕಾರಣವಿದೆ. ಅದರಲ್ಲಿರುವ ಗ್ರಬ್ ಎಂಬ ಬೂಟ್‌ಲೋಡರ್ ಸಹಿ ಮಾಡಿದ ಬೈನರಿ. ತನ್ನ ಮೆನು ಫೈಲ್ ಡೆಬಿಯನ್-ಇನ್‌ಸ್ಟಾಲರ್, ಎಎಮ್‌ಡಿ64, ಗ್ರಬ್ ಎಂಬ ದಾರಿಯಲ್ಲೇ ಇರುತ್ತದೆಂದು ಅದರೊಳಗೇ ಬರೆದುಹೋಗಿದೆ. ಅಚ್ಚುಕಟ್ಟಾಗಿರಲಿ ಎಂದು ಡೆಬಿಯನ್13 ಎಂಬ ಇನ್ನೊಂದು ಫೋಲ್ಡರ್ ಮಾಡಿ ಅದರೊಳಗೆ ಬಿಚ್ಚಿದರೆ ಗ್ರಬ್ ಬರುತ್ತದೆ, ಮೆನು ಬರುವುದಿಲ್ಲ. ಖಾಲಿ ಗ್ರಬ್ ಪ್ರಾಂಪ್ಟ್ ಕಣ್ಣು ಮಿಟುಕಿಸುತ್ತ ಕೂರುತ್ತದೆ. ಹಾಗೆಯೇ ಬೂಟ್‌ನೆಟ್‌ಎಕ್ಸ್64 ಎಂಬುದು ಅಸಲಿಗೆ ಶಿಮ್ ಎಂಬ ಪುಟ್ಟ ಮೊದಲ ಲೋಡರ್. ಅದು ಪಕ್ಕದಲ್ಲೇ ಇರುವ ಗ್ರಬ್‌ಎಕ್ಸ್64 ಡಾಟ್ ಇಎಫ್‌ಐಯನ್ನು ಕರೆಯುತ್ತದೆ, ಒಂದನ್ನು ಎತ್ತಿ ಬೇರೆ ಕಡೆ ಇಟ್ಟರೆ ಇನ್ನೊಂದು ಸಿಗುವುದಿಲ್ಲ. ಎರಡಕ್ಕೂ ಸಹಿ ಇರುವುದರಿಂದ ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವಿಲ್ಲ.

ಫೈಲ್‌ಗಳು ಎಲ್ಲರಿಗೂ ಓದಲು ತೆರೆದಿರಬೇಕು, ಫೋಲ್ಡರ್‌ಗಳಿಗೆ ಒಳಹೋಗುವ ಅನುಮತಿಯೂ ಇರಬೇಕು. ಇದನ್ನು ಪರೀಕ್ಷಿಸಲು ಲ್ಯಾಬ್ ಯಂತ್ರವೇ ಬೇಕಿಲ್ಲ. ಇನ್ನೊಂದು ಲ್ಯಾಪ್‌ಟಾಪ್ ಸ್ವಿಚ್‌ಗೆ ಚುಚ್ಚಿ, ಕರ್ಲ್ ಕಮಾಂಡ್‌ಗೆ ಟಿಎಫ್‌ಟಿಪಿ ವಿಳಾಸ ಕೊಟ್ಟು ಬೂಟ್ ಫೈಲ್ ಇಳಿಸಿ ನೋಡಿ. ಇಳಿದ ಫೈಲ್‌ನ ಗಾತ್ರ ಸರ್ವರ್‌ನಲ್ಲಿರುವಷ್ಟೇ ಇದ್ದರೆ ಟಿಎಫ್‌ಟಿಪಿ ಸರಿಯಿದೆ.

ಯುಇಎಫ್‌ಐ ಯಂತ್ರ ಬೂಟ್ ಆಗುವಾಗ ಲಾಗ್‌ನಲ್ಲಿ ಎರಡು ಥರದ ಸಾಲು ನೋಡಿ ಹೆದರುವವರಿದ್ದಾರೆ. ಒಂದು, ಎರರ್ 8, ಯೂಸರ್ ಅಬಾರ್ಟೆಡ್ ಎಂಬುದು. ಯಂತ್ರ ಮೊದಲು ಫೈಲ್‌ನ ಗಾತ್ರ ಎಷ್ಟೆಂದು ಕೇಳಿ, ಉತ್ತರ ಬಂದೊಡನೆ ತಾನೇ ಸಂಪರ್ಕ ಕಡಿದು, ಜಾಗ ಮಾಡಿಕೊಂಡು ಮತ್ತೆ ಕೇಳುತ್ತದೆ. ಕೆಳಗೇ ಸೆಂಟ್ ಎಂಬ ಸಾಲು ಬಂದಿದ್ದರೆ ಎಲ್ಲ ಸರಿಯಾಗಿದೆ. ಎರಡು, ಫೈಲ್ ನಾಟ್ ಫೌಂಡ್ ಎಂಬ ಹತ್ತಾರು ಸಾಲು. ಬೂಟ್‌ಲೋಡರ್ ಮೊದಲು ಈ ಯಂತ್ರಕ್ಕೇ ಪ್ರತ್ಯೇಕ ಮೆನು ಇದೆಯೇ ಎಂದು ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡ್‌ನ ಸ್ವಂತ ಸಂಖ್ಯೆಯ) ಹೆಸರಲ್ಲಿ ಹುಡುಕುತ್ತದೆ, ಆಮೇಲೆ ಐಪಿಯನ್ನು ಹೆಕ್ಸ್‌ಗೆ ತಿರುಗಿಸಿ ಹುಡುಕುತ್ತದೆ. 192.168.50.100 ಎಂಬುದು ಆಗ ಸಿ0ಎ83264 (ಇದರಲ್ಲಿ ದೊಡ್ಡಕ್ಷರ) ಆಗುತ್ತದೆ. ಅದೂ ಸಿಗದಿದ್ದರೆ ಕೊನೆಯ ಅಕ್ಷರ ಒಂದೊಂದೇ ಬಿಡುತ್ತ ಬಂದು ಕೊನೆಗೆ ಸಾಮಾನ್ಯ ಮೆನು ಹಿಡಿಯುತ್ತದೆ. ಇದು ದೋಷವಲ್ಲ, ಉಪಕಾರವೇ: ಲ್ಯಾಬಿನಲ್ಲಿ ಒಂದೇ ಒಂದು ಯಂತ್ರಕ್ಕೆ ಬೇರೆ ಥರ ಹಾಕಬೇಕಿದ್ದರೆ ಅದರ ಮ್ಯಾಕ್ ಹೆಸರಲ್ಲಿ ಫೈಲ್ ಇಟ್ಟರಾಯಿತು.

ಮೆನುವಿನಲ್ಲಿ ಮೊದಲ ಆಯ್ಕೆ ಹಾರ್ಡ್‌ಡಿಸ್ಕ್

ಗ್ರಬ್ ಡಾಟ್ ಸಿಎಫ್‌ಜಿ ಫೈಲನ್ನು ಹಾಗೇ ನಕಲಿಸಿಟ್ಟು, ಹೊಸದಾಗಿ ಎರಡೇ ಆಯ್ಕೆಯ ಮೆನು ಬರೆಯಿರಿ. ಮೊದಲನೆಯದು ಎಕ್ಸಿಟ್ ಎಂಬ ಒಂದೇ ಆಜ್ಞೆ. ಗ್ರಬ್ ಹೊರಬಿದ್ದು ಯಂತ್ರ ತನ್ನ ಡಿಸ್ಕ್‌ನಿಂದ ಬೂಟ್ ಆಗುತ್ತದೆ. ಎರಡನೆಯದು ಇನ್‌ಸ್ಟಾಲ್. ಡಿಫಾಲ್ಟ್ ಮೊದಲನೆಯದೇ ಇರಲಿ, ಟೈಮೌಟ್ 10 ಸೆಕೆಂಡ್. ಬಯಾಸ್ ಯಂತ್ರಗಳಿಗೆ ಪಿಎಕ್ಸ್‌ಇಲಿನಕ್ಸ್ ಡಾಟ್ ಸಿಎಫ್‌ಜಿ ಫೋಲ್ಡರ್‌ನ ಡಿಫಾಲ್ಟ್ ಫೈಲ್‌ನಲ್ಲಿ ಇದನ್ನೇ ಬರೆಯಿರಿ, ಅಲ್ಲಿ ಎಕ್ಸಿಟ್ ಬದಲು ಲೋಕಲ್‌ಬೂಟ್ 0. ಅದರಿಂದ ಯಂತ್ರ ತಟಸ್ಥವಾಗಿ ನಿಂತರೆ ಮೈನಸ್ 1 ಕೊಟ್ಟು ನೋಡಿ.

ಇನ್‌ಸ್ಟಾಲ್ ಅನ್ನೇ ಡಿಫಾಲ್ಟ್ ಮಾಡಿದರೆ ಕೈ ಮುಟ್ಟಿಸದೆ ಎಲ್ಲವೂ ಆಗುತ್ತದೆಂಬ ಆಸೆ ಹುಟ್ಟುತ್ತದೆ. ಆಗ ನೆಟ್‌ವರ್ಕ್‌ನಿಂದ ಮೊದಲು ಬೂಟ್ ಆಗುವ ಯಂತ್ರ ಇನ್‌ಸ್ಟಾಲ್ ಮುಗಿಸಿ, ರೀಸ್ಟಾರ್ಟ್ ಆಗಿ, ಮತ್ತೆ ಅಳಿಸಿ, ಮತ್ತೆ ಇನ್‌ಸ್ಟಾಲ್ ಮಾಡುತ್ತ ರಾತ್ರಿಯೆಲ್ಲ ಸುತ್ತುತ್ತಿರುತ್ತದೆ. ಮೂವತ್ತು ಸಲ ಕೆಳಬಾಣದ ಕೀ ಒತ್ತುವ ಶ್ರಮ ಇದರ ಮುಂದೆ ಏನೂ ಅಲ್ಲ.

ಕರ್ನಲ್ ಸಾಲಿನಲ್ಲಿ ಲಿನಕ್ಸ್ ಫೈಲ್‌ನ ದಾರಿ, ಅದರ ಮುಂದೆ ಆಟೋ ಟ್ರೂ, ಪ್ರಯಾರಿಟಿ ಕ್ರಿಟಿಕಲ್, ಇಂಟರ್‌ಫೇಸ್ ಆಟೋ, ಮತ್ತು ಯುಆರ್‌ಎಲ್ ಎಂದು 192.168.50.1ರಲ್ಲಿರುವ ಪ್ರಿಸೀಡ್ ಫೈಲ್‌ನ, ಅಂದರೆ ಉತ್ತರಗಳ ಫೈಲ್‌ನ, ಎಚ್‌ಟಿಟಿಪಿ ವಿಳಾಸ. ಕೆಳಗಿನ ಸಾಲಿನಲ್ಲಿ ಇನಿಟ್‌ಆರ್‌ಡಿ ದಾರಿ. ಇಂಟರ್‌ಫೇಸ್ ಆಯ್ಕೆಯನ್ನು ಇಲ್ಲೇ ಕೊಡಬೇಕು, ಪ್ರಿಸೀಡ್ ಫೈಲ್‌ನೊಳಗಲ್ಲ. ಆ ಫೈಲ್ ಬರುವುದೇ ನೆಟ್‌ವರ್ಕ್ ಮೂಲಕ, ಹಾಗಿರುವಾಗ ಯಾವ ಕಾರ್ಡ್ ಬಳಸಬೇಕು ಎಂಬ ಪ್ರಶ್ನೆಗೆ ಅದರೊಳಗೆ ಉತ್ತರವಿಟ್ಟರೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಭಾಷೆ, ಕೀಬೋರ್ಡ್ ಪ್ರಶ್ನೆಗಳಿಗೂ ಇದೇ ತೊಡಕು. ಅವನ್ನು ಫೈಲ್ ಬರುವ ತನಕ ಮುಂದೂಡುವುದೇ ಆಟೋ ಟ್ರೂ ಮಾಡುವ ಕೆಲಸ.

ಪ್ಯಾಕೇಜ್ ಗೋದಾಮು ಮತ್ತು ಗಡಿಯಾರ

ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮತ್ತು ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ. ಮೊದಲನೆಯದು ಪ್ರಿಸೀಡ್ ಫೈಲ್ ಕೊಡಲು, ಎರಡನೆಯದು 3142ನೇ ಪೋರ್ಟ್‌ನಲ್ಲಿ ಕೂತು, ಒಮ್ಮೆ ಇಳಿದ ಪ್ಯಾಕೇಜನ್ನು ಉಳಿದವರಿಗೆ ತನ್ನಲ್ಲಿಂದಲೇ ಕೊಡಲು. ಲ್ಯಾಬ್ ಯಂತ್ರಗಳಿಗೆ ನೇರ ಇಂಟರ್ನೆಟ್ ಬೇಕೇ ಇಲ್ಲ, ಎಲ್ಲವೂ ಈ ಪ್ರಾಕ್ಸಿ ಮೂಲಕವೇ ಬರುತ್ತದೆ. ಎಚ್‌ಟಿಟಿಪಿಎಸ್ ಮಿರರ್ ಕೊಟ್ಟರೆ ಅದು ಉಳಿಸಿಟ್ಟುಕೊಳ್ಳಲಾರದು, ಎಚ್‌ಟಿಟಿಪಿಯನ್ನೇ ಕೊಡಿ. ಪ್ಯಾಕೇಜ್‌ಗಳ ಸಹಿಯನ್ನು ಅವನ್ನು ತಂದು ಹಾಕುವ ಆಪ್ಟ್ ಪ್ರೋಗ್ರಾಂ ಹೇಗೂ ತಾನೇ ಪರಿಶೀಲಿಸುತ್ತದೆ. ಸರ್ವರ್‌ನಲ್ಲಿ ಫೈರ್‌ವಾಲ್ ಇದ್ದರೆ ತಂತಿ ಕಡೆಗೆ ಯುಡಿಪಿ 67, 69, ಡಿಎನ್‌ಎಸ್‌ಗೆ 53, ಸಮಯಕ್ಕೆ 123, ಟಿಸಿಪಿ 80 ಮತ್ತು 3142 ತೆರೆದಿರಬೇಕು.

ಗಡಿಯಾರದ ವಿಷಯ ಹಳೇ ಲ್ಯಾಬ್‌ಗಳಲ್ಲಿ ಬಹಳ ಕಾಡುತ್ತದೆ. ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿದ್ದರೆ ಯಂತ್ರದ ತಾರೀಖು ಹಲವು ವರ್ಷ ಹಿಂದಿರುತ್ತದೆ. ಆಗ ಮಿರರ್‌ನ ಸೂಚಿಯಾದ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಎಂದು ಆಪ್ಟ್ ತಿರಸ್ಕರಿಸಿ, ಇನ್‌ಸ್ಟಾಲ್ ನಡುವೆಯೇ ನಿಲ್ಲುತ್ತದೆ. ಪರದೆಯ ಮೇಲೆ ಮಾತ್ರ ಮಿರರ್ ಸರಿಯಿಲ್ಲ ಎಂಬ ಸಂದೇಶ ಬರುವುದರಿಂದ ಜನ ಮಿರರ್ ಬದಲಿಸುತ್ತ ಕೂರುತ್ತಾರೆ. ಸರ್ವರ್‌ನಲ್ಲಿ ಸಮಯ ಹಂಚುವ ಕ್ರೋನಿ ಹಾಕಿ, ಅದರ ಕಾನ್ಫ್ ಫೈಲ್‌ನಲ್ಲಿ 192.168.50.0/24ಕ್ಕೆ ಅಲೋ ಸಾಲು ಬರೆಯಿರಿ. ಸರ್ವರ್‌ಗೆ ಇಂಟರ್ನೆಟ್ ಇಲ್ಲದ ಹೊತ್ತಲ್ಲೂ ಸಮಯ ಕೊಡಲಿ ಎಂದು ಲೋಕಲ್ ಸ್ಟ್ರೇಟಮ್ 10 ಎಂಬ ಸಾಲೂ ಇರಲಿ.

ಪ್ರಿಸೀಡ್ ಫೈಲ್

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗೆ ಮೊದಲೇ ಬರೆದಿಟ್ಟ ಉತ್ತರಗಳೇ ಪ್ರಿಸೀಡ್. ಡೆಬಿಯನ್‌ನ ಅಧಿಕೃತ ಕೈಪಿಡಿಯಲ್ಲಿ ಮಾದರಿ ಫೈಲ್ ಇದೆ, ಅದನ್ನು ಇಳಿಸಿಕೊಂಡು ತಿದ್ದುವುದೇ ಸುಲಭ. ಎಲ್ಲ ಸಾಲನ್ನೂ ಇಲ್ಲಿ ಹೇಳುವ ಅಗತ್ಯವಿಲ್ಲ. ಜನ ಎಡವುವ ಜಾಗಗಳು ಇವು.

ಮಿರರ್ ಭಾಗದಲ್ಲಿ ದೇಶಕ್ಕೆ ಮ್ಯಾನುಯಲ್ ಎಂದು ಕೊಟ್ಟು, ಹೋಸ್ಟ್‌ನೇಮ್ ಮತ್ತು ಡೈರೆಕ್ಟರಿ ಎರಡನ್ನೂ ಕೊಡಬೇಕು. ಪ್ರಾಕ್ಸಿ ಸಾಲಿನಲ್ಲಿ ಸರ್ವರ್ ವಿಳಾಸ, 3142 ಪೋರ್ಟ್ ಸಮೇತ. ಎನ್‌ಟಿಪಿ-ಸರ್ವರ್ ಸಾಲಿನಲ್ಲಿ 192.168.50.1.

ಡಿಸ್ಕ್ ಭಾಗ ಅತ್ಯಂತ ಸೂಕ್ಷ್ಮ. ಹಳೇ ಯಂತ್ರದಲ್ಲಿ ಡಿಸ್ಕ್ ಹೆಸರು ಎಸ್‌ಡಿಎ, ಹೊಸದರಲ್ಲಿ ಎನ್‌ವಿಎಂಇ0ಎನ್1. ಎರಡೂ ಬೆರೆತ ಲ್ಯಾಬ್‌ಗೆ ಪಾರ್ಟ್‌ಮ್ಯಾನ್ ಅರ್ಲಿ-ಕಮಾಂಡ್‌ನಲ್ಲಿ ಲಿಸ್ಟ್-ಡಿವೈಸಸ್ ಡಿಸ್ಕ್ ಕೊಡುವ ಮೊದಲ ಹೆಸರನ್ನು ಆರಿಸುವ ಸಾಲು ಮಾದರಿ ಫೈಲ್‌ನಲ್ಲೇ ಇದೆ. ಇದನ್ನು ಬಳಸುವಾಗ ಯಾವ ಯಂತ್ರದಲ್ಲೂ ಪೆನ್‌ಡ್ರೈವ್ ಚುಚ್ಚಿರಬಾರದು, ಮೊದಲ ಹೆಸರು ಅದರದ್ದೇ ಆಗಿಬಿಡಬಹುದು. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಡೇಟಾ ಡಿಸ್ಕ್‌ನ ಕೇಬಲ್ ಕಿತ್ತಿಟ್ಟು ಇನ್‌ಸ್ಟಾಲ್ ಮಾಡುವುದೇ ನಿಶ್ಚಿಂತೆ. ಮೊದಲಿನ ವಿಂಡೋಸ್ ಬಯಾಸ್ ವಿಧಾನದಲ್ಲಿ ಹಾಕಿದ್ದಾಗಿದ್ದರೆ, ಯುಇಎಫ್‌ಐಯಲ್ಲೇ ಮುಂದುವರಿಯಲೇ ಎಂದು ಇನ್‌ಸ್ಟಾಲರ್ ಕೇಳಿ ನಿಲ್ಲುತ್ತದೆ. ಪಾರ್ಟ್‌ಮ್ಯಾನ್-ಇಎಫ್‌ಐ ನಾನ್-ಇಎಫ್‌ಐ-ಸಿಸ್ಟಂ ಸಾಲಿಗೆ ಟ್ರೂ ಕೊಟ್ಟಿದ್ದರೆ ನಿಲ್ಲುವುದಿಲ್ಲ.

ಪಾಸ್‌ವರ್ಡನ್ನು ಅಕ್ಷರಗಳಲ್ಲೇ ಬರೆಯಬೇಡಿ. ಓಪನ್‌ಎಸ್‌ಎಸ್‌ಎಲ್ ಪಾಸ್‌ವಡ್ ಕಮಾಂಡ್‌ಗೆ ಮೈನಸ್ 6 ಕೊಟ್ಟು ಹ್ಯಾಶ್ ತೆಗೆದು, ಕ್ರಿಪ್ಟೆಡ್ ಎಂದು ಮುಗಿಯುವ ಸಾಲಿನಲ್ಲಿ ಅದನ್ನು ಹಾಕಿ. ಹಾಗಿದ್ದರೂ ಈ ಫೈಲ್ ಲ್ಯಾಬಿನಲ್ಲಿ ಕೂತ ಯಾರಿಗೂ ಬ್ರೌಸರ್‌ನಲ್ಲಿ ತೆರೆಯುತ್ತದೆ ಎಂಬುದನ್ನು ಮರೆಯಬೇಡಿ. ಕೆಲಸ ಮುಗಿದ ಕೂಡಲೇ ತೆಗೆದುಬಿಡಿ.

ಪ್ಯಾಕೇಜ್ ಗುಂಪು ಆರಿಸುವ ಟಾಸ್ಕ್‌ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಮತ್ತು ಎಕ್ಸ್‌ಎಫ್‌ಸಿಇ-ಡೆಸ್ಕ್‌ಟಾಪ್ ಕೊಟ್ಟರೆ 4 ಜಿಬಿ ಯಂತ್ರಗಳೂ ಹಗುರವಾಗಿ ಓಡುತ್ತವೆ. ಪ್ಯಾಕೇಜ್ ಸೇರಿಸುವ ಸಾಲಿನಲ್ಲಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು, ಐಬಸ್-ಎಂ17ಎನ್ ಇವನ್ನು ಸೇರಿಸಿ. ಕೊನೆಯದರಲ್ಲಿ ನುಡಿ ಬಳಸಿದವರಿಗೆ ಪರಿಚಿತವಾದ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಕನ್ನಡದಲ್ಲಿ ಬರೆಯಲು ಬರುವ ಲ್ಯಾಬ್ ಮೊದಲ ದಿನದಿಂದಲೇ ಸಿಗಬೇಕು, ಆಮೇಲೆ ಹಾಕೋಣ ಎಂದು ಬಿಟ್ಟದ್ದು ಹಾಗೇ ಉಳಿದುಹೋಗುತ್ತದೆ.

ಯಂತ್ರಗಳ ಹೆಸರನ್ನು ಪ್ರಿಸೀಡ್‌ನಲ್ಲಿ ಕೊಡುವ ಬದಲು ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎಚ್‌ಸಿಪಿ-ಹೋಸ್ಟ್ ಸಾಲುಗಳಾಗಿ ಬರೆಯಿರಿ: ಮ್ಯಾಕ್, ಹೆಸರು, ಐಪಿ. ಡಿಎಚ್‌ಸಿಪಿ ಕೊಟ್ಟ ಹೆಸರಿಗೇ ಇನ್‌ಸ್ಟಾಲರ್ ಮನ್ನಣೆ ಕೊಡುತ್ತದೆ. ಎಲ್ಲ ಯಂತ್ರಗಳನ್ನೂ ಸಾಲಾಗಿ ಒಮ್ಮೆ ನೆಟ್‌ವರ್ಕ್ ಬೂಟ್ ಮಾಡಿ ಮೆನುವಿನ ತನಕ ತಂದರೆ, ವಾರ್, ಲಿಬ್, ಮಿಸ್ಕ್ ಒಳಗಿನ ಡಿಎನ್‌ಎಸ್‌ಮಾಸ್ಕ್ ಡಾಟ್ ಲೀಸಸ್ ಫೈಲ್‌ನಲ್ಲಿ ಎಲ್ಲ ಮ್ಯಾಕ್ ವಿಳಾಸ ಸಿಗುತ್ತವೆ. ಮೇಜಿನ ಕ್ರಮದಲ್ಲೇ ಆನ್ ಮಾಡಿದರೆ ಮೇಜಿನ ಸಂಖ್ಯೆಯೂ ಹೆಸರೂ ಹೊಂದುತ್ತವೆ.

ಫೈಲ್ ಬರೆದ ಮೇಲೆ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್‌ಗೆ ಮೈನಸ್ ಸಿ ಕೊಟ್ಟು ಬರವಣಿಗೆ ಪರೀಕ್ಷಿಸಿ. ಮೊದಲು ಒಂದೇ ಯಂತ್ರಕ್ಕೆ ಪೂರ್ತಿ ಹಾಕಿ, ಒಳಹೊಕ್ಕು ಎಲ್ಲ ನೋಡಿ. ಇದರಿಂದ ಕ್ಯಾಷರ್‌ನಲ್ಲಿ ಪ್ಯಾಕೇಜ್‌ಗಳೂ ತುಂಬಿರುತ್ತವೆ. ಆಮೇಲೆ ಐದಾರು ಯಂತ್ರಗಳ ತಂಡ ಮಾಡಿ ಮುಂದುವರಿಯಿರಿ. ಡಿಎನ್‌ಎಸ್‌ಮಾಸ್ಕ್ ಒಟ್ಟಿಗೆ 50 ಟಿಎಫ್‌ಟಿಪಿ ಸಂಪರ್ಕ ಮಾತ್ರ ಇಟ್ಟುಕೊಳ್ಳುತ್ತದೆ. 60 ಯಂತ್ರ ಒಂದೇ ಸಲ ಆನ್ ಮಾಡಿದರೆ ಕೆಲವು ಟೈಮೌಟ್ ಆಗಿ ಬೀಳುತ್ತವೆ.

ನಿಂತರೆ ಎಲ್ಲಿ ನೋಡುವುದು

ಯಂತ್ರದ ಪರದೆಯ ಮೇಲೆ ಪಿಎಕ್ಸ್‌ಇ-ಇ61 ಎಂಬ ದೋಷಸಂಖ್ಯೆ ಬಂದರೆ ಕಾರಣ ಕೇಬಲ್ ಅಥವಾ ಪೋರ್ಟ್, ಬೇರೆ ಏನನ್ನೂ ಮುಟ್ಟಬೇಡಿ. ಇ51 ಅಥವಾ ಯುಇಎಫ್‌ಐನಲ್ಲಿ ಇ16 ಎಂದರೆ ಡಿಎಚ್‌ಸಿಪಿಯ ಉತ್ತರವೇ ಬಂದಿಲ್ಲ. ಸರ್ವರ್ ಲಾಗ್‌ನಲ್ಲಿ ಡಿಸ್ಕವರ್ ಕೂಡ ಕಾಣದಿದ್ದರೆ ಸ್ವಿಚ್ ನೋಡಿ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಜಾಲ ಸುತ್ತಿಕೊಳ್ಳದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಆನ್ ಇದ್ದರೆ, ಯಂತ್ರ ಆನ್ ಆದ ಮೇಲೆ ಪೋರ್ಟ್ 15 ಸೆಕೆಂಡ್ ಆಲಿಸಿ, 15 ಸೆಕೆಂಡ್ ಕಲಿತು, ಆಮೇಲಷ್ಟೇ ಪ್ಯಾಕೆಟ್ ಬಿಡುತ್ತದೆ. ಅಷ್ಟರಲ್ಲಿ ಪಿಎಕ್ಸ್‌ಇ ಕೈಚೆಲ್ಲಿರುತ್ತದೆ. ಆ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಡಿ, ಇಲ್ಲವೇ ಮಾಮೂಲಿ ಅನ್‌ಮ್ಯಾನೇಜ್ಡ್ ಸ್ವಿಚ್ ತಂದಿಡಿ.

ಇ53 ಎಂದರೆ ಐಪಿ ಸಿಕ್ಕಿದೆ, ಫೈಲ್ ಹೆಸರು ಸಿಕ್ಕಿಲ್ಲ. ಬಹುತೇಕ ಸಲ ಇದರರ್ಥ ಬೇರೊಂದು ಡಿಎಚ್‌ಸಿಪಿ ಸರ್ವರ್ ನಿಮ್ಮದಕ್ಕಿಂತ ಮೊದಲು ಉತ್ತರಿಸಿದೆ. ಯಾವುದೋ ಮೂಲೆಯಲ್ಲಿ ವೈಫೈ ರೌಟರ್ ಇನ್ನೂ ಸ್ವಿಚ್‌ಗೆ ಚುಚ್ಚಿಕೊಂಡಿರುತ್ತದೆ, ಹುಡುಕಿ ತೆಗೆಯಿರಿ. ಇ32 ಎಂದರೆ ಟಿಎಫ್‌ಟಿಪಿ ತಲುಪುತ್ತಿಲ್ಲ, ಫೈರ್‌ವಾಲ್ ನೋಡಿ. ಟಿ01 ಎಂದರೆ ತಲುಪಿದೆ, ಫೈಲ್ ಇಲ್ಲ. ದಾರಿಯ ಕಾಗುಣಿತ ನೋಡಿ.

ಕರ್ನಲ್ ಇಳಿಯುವುದು ವಿಪರೀತ ನಿಧಾನವಾಗಿದ್ದರೆ ಟಿಎಫ್‌ಟಿಪಿ ಬ್ಲಾಕ್ ಗಾತ್ರ ನೋಡಿ. ಮೂಲ ಕ್ರಮದಲ್ಲಿ ಒಂದು ಬ್ಲಾಕ್ 512 ಬೈಟ್, ಪ್ರತಿಯೊಂದಕ್ಕೂ ರಸೀದಿ ಬಂದ ಮೇಲೆಯೇ ಮುಂದಿನದು. 40 ಎಂಬಿ ಫೈಲ್ ಎಂದರೆ 81,920 ಸಲ ಈ ಕೊಟ್ಟು ತೆಗೆದುಕೊಳ್ಳುವಿಕೆ. ದೊಡ್ಡ ಬ್ಲಾಕ್ ಬಳಸಲು ಎರಡೂ ಕಡೆ ತಾವೇ ಒಪ್ಪಿಕೊಳ್ಳುತ್ತವೆ. ಎಲ್ಲಿಂದಲೋ ನಕಲಿಸಿದ ಕಾನ್ಫ್‌ನಲ್ಲಿ ಟಿಎಫ್‌ಟಿಪಿ-ನೋ-ಬ್ಲಾಕ್‌ಸೈಜ್ ಎಂಬ ಸಾಲಿದ್ದರೆ ತೆಗೆಯಿರಿ.

ಇನ್‌ಸ್ಟಾಲರ್ ಎದ್ದ ಮೇಲೆ ಕರ್ನಲ್ ಮಾಡ್ಯೂಲ್ ಸಿಗಲಿಲ್ಲ ಎಂದರೆ ನಿಮ್ಮ ನೆಟ್‌ಬೂಟ್ ಫೈಲ್ ಹಳತಾಗಿದೆ. ಡೆಬಿಯನ್ ಆಗಾಗ ಪಾಯಿಂಟ್ ರಿಲೀಸ್, ಅಂದರೆ ಸಣ್ಣ ತಿದ್ದುಪಡಿಗಳ ಆವೃತ್ತಿ, ಬಿಡುತ್ತದೆ. ಮಿರರ್‌ನಲ್ಲಿ ಕರ್ನಲ್ ಬದಲಾಗಿ, ನಿಮ್ಮಲ್ಲಿ ಹಳೆಯದೇ ಉಳಿದರೆ ಎರಡೂ ಹೊಂದುವುದಿಲ್ಲ. ಟಾರ್ ಫೈಲ್ ಹೊಸದಾಗಿ ಇಳಿಸಿ ಬಿಚ್ಚಿ. ಬಿಚ್ಚುವ ಮೊದಲು ನಿಮ್ಮ ಮೆನು ಫೈಲ್‌ಗಳನ್ನು ಬೇರೆ ಕಡೆ ನಕಲಿಸಿ, ಇಲ್ಲದಿದ್ದರೆ ಅವೂ ಅಳಿಸಿಹೋಗುತ್ತವೆ. ನೆಟ್‌ವರ್ಕ್ ಕಾರ್ಡ್‌ಗೆ ಫರ್ಮ್‌ವೇರ್ (ಕಾರ್ಡ್‌ನೊಳಗೆ ಓಡುವ ಪ್ರೋಗ್ರಾಂ) ಬೇಕು ಎಂದು ಕೇಳಿದರೆ, ನೆಟ್‌ಬೂಟ್ ಇನಿಟ್‌ಆರ್‌ಡಿಯಲ್ಲಿ ಅದು ಇರುವುದಿಲ್ಲ. ಫರ್ಮ್‌ವೇರ್-ರಿಯಲ್‌ಟೆಕ್‌ನಂಥ ಬೇಕಾದ ಡೆಬ್ ಫೈಲನ್ನು ಫರ್ಮ್‌ವೇರ್ ಎಂಬ ಫೋಲ್ಡರ್‌ನಲ್ಲಿಟ್ಟು, ಅದನ್ನು ನ್ಯೂಸಿ ಮಾದರಿಯ ಸಿಪಿಐಒ ಕಟ್ಟಾಗಿ ಮಾಡಿ, ಜಿಝಿಪ್ ಮಾಡಿ, ಕ್ಯಾಟ್ ಕಮಾಂಡ್‌ನಿಂದ ಇನಿಟ್‌ಆರ್‌ಡಿಯ ಬಾಲಕ್ಕೆ ಸೇರಿಸಬೇಕು.

ಉಬುಂಟು ಬೇಕಿದ್ದರೆ

20.04ರಿಂದ ಈಚಿನ ಉಬುಂಟು ಸರ್ವರ್ ಇನ್‌ಸ್ಟಾಲರ್ ಬೇರೆ ಥರ. ಪ್ರಿಸೀಡ್ ಬದಲು ಆಟೋಇನ್‌ಸ್ಟಾಲ್, ಅದಕ್ಕೆ ಯೂಸರ್-ಡೇಟಾ ಮತ್ತು ಮೆಟಾ-ಡೇಟಾ ಎಂಬ ಎರಡು ಫೈಲ್. ಎರಡನೆಯದು ಖಾಲಿ ಇದ್ದರೂ ನಡೆಯುತ್ತದೆ, ಇಲ್ಲದೇ ಇದ್ದರೆ ನಡೆಯುವುದಿಲ್ಲ. ಗ್ರಬ್ ಮೆನುವಿನಲ್ಲಿ ಈ ಫೈಲ್‌ಗಳಿರುವ ಜಾಗ ಹೇಳುವ ನೋಕ್ಲೌಡ್ ವಿಳಾಸದ ನಡುವಿನ ಅರ್ಧವಿರಾಮವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲವಾದರೆ ಗ್ರಬ್ ಅದನ್ನೇ ಆಜ್ಞೆಯ ಕೊನೆ ಎಂದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ದೊಡ್ಡ ತೊಡಕೆಂದರೆ, ಇಡೀ ಐಎಸ್‌ಒ ಫೈಲ್ ಯಂತ್ರದ ರ್‍ಯಾಮ್‌ಗೆ ಇಳಿಯುತ್ತದೆ. 4 ಜಿಬಿ ಇರುವ ಯಂತ್ರಗಳಲ್ಲಿ ಜಾಗ ಸಾಲದೆ ನಿಲ್ಲುತ್ತದೆ. ಹಳೇ ಲ್ಯಾಬ್‌ಗಳಿಗೆ ಡೆಬಿಯನ್ ಒಗ್ಗುವುದು ಇದೇ ಕಾರಣಕ್ಕೆ.

ಸರ್ವರ್ ಎತ್ತಿಡುವ ಮೊದಲು

ಇನ್‌ಸ್ಟಾಲ್ ವೇಳೆ ಕೊಟ್ಟ ಪ್ರಾಕ್ಸಿ ವಿಳಾಸ ಪ್ರತಿ ಯಂತ್ರದ ಇಟಿಸಿ, ಆಪ್ಟ್, ಆಪ್ಟ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಉಳಿದುಬಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮನೆಗೆ ಹೋದ ಮಾರನೇ ದಿನ ಮೂವತ್ತು ಯಂತ್ರಗಳಲ್ಲೂ ಅಪ್‌ಡೇಟ್ ನಿಲ್ಲುತ್ತದೆ, ಸೆಕ್ಯೂರಿಟಿ ಅಪ್‌ಡೇಟ್ ಸಮೇತ. ಸಂದೇಶ ತೋರಿಸುವವರು ಯಾರೂ ಇಲ್ಲದ್ದರಿಂದ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಪ್ರಿಸೀಡ್‌ನ ಲೇಟ್-ಕಮಾಂಡ್ ಸಾಲಿನಲ್ಲೇ, ಟಾರ್ಗೆಟ್ ಕೆಳಗಿರುವ ಆ ಫೈಲನ್ನು ಅಳಿಸುವ ಆಜ್ಞೆ ಬರೆದಿಡಿ. ಈಗಾಗಲೇ ಹಾಕಿ ಮುಗಿಸಿದ್ದರೆ ಎಸ್‌ಎಸ್‌ಎಚ್ ಮೂಲಕ ಪ್ರತಿಯೊಂದರಲ್ಲೂ ಅಳಿಸಿ, ಒಮ್ಮೆ ಆಪ್ಟ್ ಅಪ್‌ಡೇಟ್ ಓಡಿಸಿ ನೋಡಿ. ಆಮೇಲೆ ಡಿಎನ್‌ಎಸ್‌ಮಾಸ್ಕ್ ಸರ್ವಿಸನ್ನು ನಿಲ್ಲಿಸಿದರೆ ಸಾಲದು, ಡಿಸೇಬಲ್ ಕೂಡ ಮಾಡಿ. ಆ ಲ್ಯಾಪ್‌ಟಾಪ್ ಮುಂದೊಮ್ಮೆ ಬೇರೆ ಯಾವುದೋ ಆಫೀಸಿನ ತಂತಿಗೆ ಚುಚ್ಚಿಕೊಂಡಾಗ ತಾನಾಗಿ ಐಪಿ ಹಂಚಲು ಶುರುಮಾಡಬಾರದು. ಇಷ್ಟೆಲ್ಲ ಆದ ಮೇಲಷ್ಟೇ ಚೀಟಿ ಅಂಟಿಸಿದ ಕೇಬಲನ್ನು ಸ್ವಿಚ್‌ಗೆ ವಾಪಸ್ ಹಾಕಿ.